ಮಾವಿನ ಕಸಿಯೂ ಮಗುವಿನ ಹೊಕ್ಕಳಬಳ್ಳಿಯೂ

ಗೃಹಸ್ಥನ ಬಾಗಿಲಿಗೆ ಬರುವವರಲ್ಲಿ ಹೆಚ್ಚಿನವರು ಏನನ್ನಾದರೂ ಬೇಡಲಿಕ್ಕೆ ಇಲ್ಲವೆ ಮಾರಲಿಕ್ಕೆ ಬರುವರೆಂಬುದು ಎಲ್ಲರ ಅನುಭವ. ಬಳೆಗಾರನು ಬರುವನು, ಕೌದಿ ಹೊಲಿಯುವವಳು ಬರುವಳು, ವಿಮೆಯವನು ಬರುವನು. ಬೇಕಾದುದನ್ನು ಕೊಂಡು ಬೇಡವಾದುದನ್ನು ನಯವಾಗಿ ಕಳಿಸಿಕೊಡುವ ವಿದ್ಯೆ ನಮ್ಮ ಮನೆಯವರಿಗೆ ಚೆನ್ನಾಗಿ ಬರುತ್ತದೆ; ನಮಗೆ ಬಾರದು. ಆದರೆ ಕಳೆದ ಶ್ರಾವಣದಲ್ಲಿ ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಗೆ ಬಂದ ಒಬ್ಬ ತರುಣನ ಸರಕು ಎಂಥದಾಗಿತ್ತೆಂದರೆ, ಅವರೂ ಉತ್ತರ ತೋಚದೆ ನಮ್ಮ ಮುಖವನ್ನು ನೋಡಿದರು.

ನಮ್ಮ ಮಗಳು ಆಗ ಚೊಚ್ಚಲ ಬಾಣಂತನಕ್ಕಾಗಿ ತವರಿಗೆ ಬಂದಿದ್ದಳು. ಕುಬಸ ಮುಗಿದು ಎಂಟನೆಯ ತಿಂಗಳು ನಡೆದಿತ್ತು. ಆ ತರುಣನು ಹುಬ್ಬಳ್ಳಿಯಿಂದ ಬಂದವನು, ವಿನಯಶೀಲನು, ಕೈಯಲ್ಲಿ ಬಣ್ಣಬಣ್ಣದ ಚಿತ್ರಗಳ ಪುಸ್ತಿಕೆಯೊಂದಿತ್ತು. ಕೂಸು ಹುಟ್ಟಿದ ಮೇಲೆ ಹೊಕ್ಕಳಬಳ್ಳಿಯಲ್ಲಿ ಉಳಿಯುವ ರಕ್ತವನ್ನು ಸುಮ್ಮನೆ ಚೆಲ್ಲುತ್ತಾರೆಂದೂ, ಅದನ್ನು ಸಂಗ್ರಹಿಸಿ ಅತಿಶೀತದಲ್ಲಿ ವರ್ಷಾನುವರ್ಷ ಕಾಯ್ದಿಡುವ ಸಂಸ್ಥೆಯು ತನ್ನದೆಂದೂ ಅವನು ವಿವರಿಸಿದನು. “ಅದರಾಗ ಸ್ಟೆಮ್ ಸೆಲ್ ಇರ್ತಾವ್ರೀ, ಸರ. ಆ ಸೆಲ್ ಏನ ಬೇಕಾದ್ದಾಗತದ. ಮುಂದ ಕೂಸಿಗೆ ಎಂಥಾ ದೊಡ್ಡ ಜಡ್ಡು ಬಂದರೂ ಅದರ ಔಷಧ ಅದರ ಹೆಸರೀಲೆ ಜೋಪಾನ ಇಟ್ಟಂಗ,” ಎಂದನು. ಕೊಡಬೇಕಾದ ಹಣವು ನಮ್ಮ ಎರಡು ತಿಂಗಳ ನಿವೃತ್ತಿವೇತನವನ್ನು ನುಂಗುವಷ್ಟಿತ್ತು. ಪುಸ್ತಿಕೆಯಲ್ಲಿ ಆ ರಕ್ತದಿಂದ ವಾಸಿಯಾಗುವ ರೋಗಗಳ ಪಟ್ಟಿಯಿತ್ತು. ಅದರ ಮೊದಲನೆಯ ಹೆಸರು ರಕ್ತದ ಕ್ಯಾನ್ಸರ್.

ಆ ಹೆಸರನ್ನು ಓದಿದ ಮೇಲೆ ಉಳಿದ ಪಟ್ಟಿಯು ನಮ್ಮ ಕಣ್ಣಿಗೆ ಬೀಳಲಿಲ್ಲ. 1976ರಲ್ಲಿ ನಮ್ಮ ತಂಗಿಯು ಇದೇ ರೋಗದಿಂದ ತೀರಿಕೊಂಡಳು. ಅವಳಿಗೆ ಏಳು ವರ್ಷ, ನಮಗೆ ಹನ್ನೊಂದು. ಮೊದಲು ವಸಡಿನಿಂದ ರಕ್ತ ಬಂತು. ಯಾರೂ ಹೊಡೆಯದಿದ್ದರೂ ಮೈಮೇಲೆ ನೀಲಿ ಕಲೆಗಳು ಮೂಡಿದವು. ಜ್ವರವು ಇಳಿಯಲೇ ಇಲ್ಲ. ದೀಪಾವಳಿಯ ಹೊತ್ತಿಗೆ ಅವಳು ನಮ್ಮೊಡನೆ ಇರಲಿಲ್ಲ. ನಮ್ಮ ತಂದೆಯವರು ತಾವು ಮಾಡದೆ ಉಳಿದ ಉಪಾಯ ಯಾವದಾದರೂ ಇತ್ತೇ ಎಂದು ಕೊನೆಯವರೆಗೂ ಕೇಳಿಕೊಳ್ಳುತ್ತಿದ್ದರು. ಹೀಗಿರುವಲ್ಲಿ ಆ ತರುಣನ ಮಾತಿಗೆ ನಾವು ಬೇರೆ ಏನು ಹೇಳಬಲ್ಲೆವು? “ಕಾಗದ ಕೊಡಪ್ಪಾ,” ಎಂದು ಲೇಖಣಿಯನ್ನು ಕೈಗೆತ್ತಿಕೊಂಡೆವು.

ಆಗ ನಮ್ಮ ಮನೆಯವರು, “ಅಲ್ರೀ, ಅರ್ಥ ತಿಳೀದ ಶ್ಲೋಕ ಬಾಯಿಪಾಠ ಮಾಡಬ್ಯಾಡ್ರಿ ಅಂತ ಮೂವತ್ತು ವರ್ಷ ಹುಡುಗರಿಗೆ ಹೇಳಿದ್ರಿ. ಈಗ ಅರ್ಥ ತಿಳೀದನ ಸಹಿ ಮಾಡ್ತೀರೇನು?” ಎಂದರು. ಮಗಳು ನಕ್ಕಳು. ನಮಗೆ ನಾಚಿಕೆಯಾಯಿತು. ಎರಡು ವಾರ ಬಿಟ್ಟು ಬರಬೇಕೆಂದು ತರುಣನಿಗೆ ಹೇಳಿ ಕಳಿಸಿದೆವು. ಆ ಎರಡು ವಾರಗಳಲ್ಲಿ ನಾವು ಕಲಿತ ಪಾಠವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

“ಏನು ಬೇಕಾದರೂ ಆಗುವ ಕೋಶ” ಎಂಬ ಮಾತು ಆ ರಾತ್ರಿ ನಮ್ಮನ್ನು ನಿದ್ರೆ ಮಾಡಗೊಡಲಿಲ್ಲ. ಸಂಸ್ಕೃತ ಓದಿದವರಿಗೆ ಕೋಶವೆಂದರೆ ಮೊದಲು ನೆನಪಾಗುವದು ಅಮರಕೋಶ. ಶರೀರದ ಕೋಶವೆಂದರೆ ಪ್ರಾಣಿಗಳ ಹಾಗೂ ಸಸ್ಯಗಳ ಮೈಯನ್ನು ಕಟ್ಟಿದ, ಬರಿಗಣ್ಣಿಗೆ ಕಾಣದ ಸಣ್ಣ ಸಣ್ಣ ಕೋಣೆಗಳು. ಇಷ್ಟನ್ನು ನಾವೂ ಬಲ್ಲೆವು. ಆದರೆ ತಾಯಿಯ ಗರ್ಭದಲ್ಲಿ ಒಂದೇ ಕೋಶದಿಂದ ಆರಂಭವಾದ ಕೂಸಿಗೆ ಒಂದೆಡೆ ಎಲುಬು, ಒಂದೆಡೆ ಕಣ್ಣು, ಒಂದೆಡೆ ರಕ್ತ ಹೇಗೆ ಬಂದವು? ಯಾವ ಕೋಶವು ಏನಾಗಬೇಕೆಂಬುದನ್ನು ಹೇಳುವವರಾರು?

ಈ ಪ್ರಶ್ನೆ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಕ್ಕೆ ಮೊದಲು ಹುಟ್ಟುವ ಅಂಗ ಯಾವದೆಂಬ ಚರ್ಚೆಯಿದೆ. ತಲೆಯೆಂದು ಶೌನಕನ ಮತ. ಹೃದಯವೆಂದು ಕೃತವೀರ್ಯನ ಮತ. ನಾಭಿಯೆಂದು ಪಾರಾಶರ್ಯನೂ, ಕೈಕಾಲುಗಳೆಂದು ಮಾರ್ಕಂಡೇಯನೂ, ಮೈಯ ನಡುಭಾಗವೆಂದು ಸುಭೂತಿ ಗೌತಮನೂ ಹೇಳುತ್ತಾರೆ. ಇವಾವವನ್ನೂ ಧನ್ವಂತರಿಯು ಒಪ್ಪುವದಿಲ್ಲ. ಎಲ್ಲ ಅಂಗಗಳೂ ಏಕಕಾಲಕ್ಕೇ ಉಂಟಾಗುತ್ತವೆ, ಅತಿ ಸೂಕ್ಷ್ಮವಾಗಿರುವದರಿಂದ ಮಾತ್ರ ಕಾಣುವದಿಲ್ಲವೆಂದು ಅವನ ಸಿದ್ಧಾಂತ. ಅದಕ್ಕೆ ಅವನು ಕೊಟ್ಟ ದೃಷ್ಟಾಂತಗಳು ಎರಡು: ಬಿದಿರಿನ ಮೊಳಕೆ ಮತ್ತು ಮಾವಿನ ಹಣ್ಣು. ಪಕ್ವವಾದ ಮಾವಿನಲ್ಲಿ ನಾರು, ತಿರುಳು, ಗೊರಟೆಗಳು ಬೇರೆ ಬೇರೆಯಾಗಿ ತೋರುವವು. ಎಳೆಯ ಮಿಡಿಯಲ್ಲಿ ಅವನ್ನು ಬಿಡಿಸಿ ಗುರುತಿಸಲಾಗದು.

ಮಾವಿನ ಮಾತು ಬಂದೊಡನೆ ನಮಗೆ ಹಳೆಯ ಶಿಷ್ಯನೊಬ್ಬನ ನೆನಪಾಯಿತು. ರಾಮಶಬ್ದದ ತೃತೀಯಾ ವಿಭಕ್ತಿಯನ್ನು ಮೂರು ವರ್ಷ ಕಲಿಸಿದರೂ ತಪ್ಪಿಲ್ಲದೆ ಹೇಳದಿದ್ದ ಹುಡುಗನವನು. “ನಿನಗೆ ವಿದ್ಯೆ ಹತ್ತಲಾರದು,” ಎಂದು ತರಗತಿಯಲ್ಲೇ ಅಂದಿದ್ದೆವು. ಅವನು ಸಸ್ಯಶಾಸ್ತ್ರವನ್ನು ಓದಿ ಈಗ ಕಲಘಟಗಿಯ ದಾರಿಯಲ್ಲಿ ಮಾವಿನ ಸಸಿಗಳ ನರ್ಸರಿಯನ್ನೂ, ಅದರ ಪಕ್ಕದಲ್ಲಿ ಬಾಳೆಯ ಅಂಗಾಂಶ ಕೃಷಿಯ ಪುಟ್ಟ ಪ್ರಯೋಗಾಲಯವನ್ನೂ ನಡೆಸುತ್ತಾನೆ. ಮರುದಿನ ಮುಂಜಾನೆಯೇ ಅಲ್ಲಿಗೆ ಹೋದೆವು.

ನಮ್ಮ ಧಾರವಾಡ ಸೀಮೆಯ ಆಪೂಸ್ ಮಾವಿನ ಕೀರ್ತಿಯನ್ನು ನಾವು ಹೇಳಬೇಕಾದುದಿಲ್ಲ. ಆದರೆ ಆಪೂಸಿನ ಗೊರಟೆಯನ್ನು ನೆಟ್ಟರೆ ಅದೇ ಹಣ್ಣು ಬರುವದಿಲ್ಲ. ಬೀಜದಲ್ಲಿ ತಾಯಿಮರದ ಗುಣದೊಡನೆ ಪರಾಗವನ್ನು ಕೊಟ್ಟ ಮರದ ಗುಣವೂ ಬೆರೆತಿರುತ್ತದೆ. ಆದುದರಿಂದಲೇ ಕಸಿ ಮಾಡುತ್ತಾರೆ. ಶಿಷ್ಯನು ನಮ್ಮೆದುರಿಗೇ ಒಂದು ಕಸಿ ಕಟ್ಟಿ ತೋರಿಸಿದನು. ಕಾಡುಮಾವಿನ ಗೊರಟೆಯಿಂದ ಮೊಳೆತು, ಎಲೆ ಇನ್ನೂ ತಾಮ್ರವರ್ಣದಲ್ಲಿರುವ ಎಳೆಯ ಸಸಿಯ ತಲೆಯನ್ನು ಕತ್ತರಿಸಿದನು. ಉಳಿದ ಕಾಂಡವನ್ನು ನಡುವೆ ಸೀಳಿದನು. ಆಪೂಸ್ ಕೊಂಬೆಯ ತುದಿಯನ್ನು ಬೆಣೆಯಂತೆ ಹೆರೆದು ಆ ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದನು. ಒಂದು ನಿಮಿಷದ ಕೆಲಸ.

“ಸರ, ಈಗ ಒಳಗ ಏನ ನಡೀತದ ಕೇಳ್ರಿ,” ಎಂದು ಅವನು ಪಾಠವನ್ನಾರಂಭಿಸಿದನು. ಗುರುವಿನ ಆಸನದಲ್ಲಿ ಅವನಿದ್ದನು; ನಾವು ಕೆಳಗೆ ಕಲ್ಲಿನ ಮೇಲೆ ಕುಳಿತಿದ್ದೆವು.

ಸಸ್ಯದ ತುದಿಯ ಮೊಗ್ಗಿನಲ್ಲಿಯೂ, ಬೇರಿನ ತುದಿಯಲ್ಲಿಯೂ, ತೊಗಟೆಗೂ ಕಟ್ಟಿಗೆಗೂ ನಡುವಿರುವ ಹಸಿಯಾದ ತೆಳುಪೊರೆಯಲ್ಲಿಯೂ ಇನ್ನೂ ಯಾವ ವೃತ್ತಿಯನ್ನೂ ಹಿಡಿಯದ ಕೋಶಗಳಿರುತ್ತವೆ. ಅವು ಒಡೆದೊಡೆದು ಸಂಖ್ಯೆಯಲ್ಲಿ ಬೆಳೆಯುತ್ತವೆ. ಹೀಗೆ ಹುಟ್ಟಿದವುಗಳಲ್ಲಿ ಒಂದು ತೊಗಟೆಯಾಗುವದು. ಒಂದು ಎಲೆಯ ಹಸಿರು ಕೋಶವಾಗಿ ಸೂರ್ಯನ ಬೆಳಕಿನಿಂದ ಅನ್ನ ಮಾಡುವದು. ಒಂದು ನೀರನ್ನು ಮೇಲೇರಿಸುವ ನಾಳವಾಗುವದು. ಈ ನಾಳದ ಕಥೆ ಕೇಳಿ ನಮಗೆ ದಧೀಚಿಯ ನೆನಪಾಯಿತು. ಆ ಕೋಶವು ಉದ್ದಕ್ಕೆ ಬೆಳೆದು, ಗೋಡೆಯನ್ನು ದಪ್ಪ ಮಾಡಿಕೊಂಡು, ಕೊನೆಗೆ ತನ್ನ ಒಳಗಿನ ಜೀವದ್ರವ್ಯವನ್ನೆಲ್ಲ ತಾನೇ ಕರಗಿಸಿ ಸಾಯುತ್ತದೆ. ಸತ್ತು ಪೊಳ್ಳಾದ ಮೇಲೆಯೇ ಅದರ ಸೇವೆಯು ಮೊದಲಾಗುವದು. ಮರದ ತುದಿಯ ಚಿಗುರಿಗೆ ನೀರು ಮುಟ್ಟುವದು ಇಂಥ ಸತ್ತ ಕೋಶಗಳ ಸಾಲಿನೊಳಗಿಂದ.

ಆದರೆ ಎಲ್ಲ ಕೋಶಗಳೂ ಹೀಗೆ ಹಿಂದಿರುಗಲಾರದಷ್ಟು ದೂರ ಹೋಗುವದಿಲ್ಲ. ಕಸಿಯ ಗಾಯದಲ್ಲಿ ಅದೇ ಕಾಣಬರುತ್ತದೆ. ಕತ್ತರಿಸಿದ ಎರಡೂ ಅಂಚುಗಳಲ್ಲಿ ಬದುಕಿರುವ ಕೋಶಗಳು, ಅಲ್ಲಿಯವರೆಗೆ ಮಾಡುತ್ತಿದ್ದ ವೃತ್ತಿಯನ್ನು ಬಿಟ್ಟು ಮತ್ತೆ ಶಿಶುಗಳಂತಾಗಿ ಒಡೆಯತೊಡಗುತ್ತವೆ. ಕ್ಯಾಲಸ್ ಎಂಬ ಮೆತ್ತನೆಯ ಗಂಟು ಬೆಳೆದು ಎರಡನ್ನೂ ಕೂಡಿಸುತ್ತದೆ. ಮೇಲಿನ ಕೊಂಬೆಯ ಮೊಗ್ಗಿನಿಂದ ಆಕ್ಸಿನ್ ಎಂಬ ರಸವು ಕೆಳಗಿಳಿದು ಬರುವದು. ಅದರ ದಾರಿಯಲ್ಲಿರುವ ಕೋಶಗಳು ಆ ಆಜ್ಞೆಯನ್ನು ಕೇಳಿ ಮತ್ತೆ ನಾಳಗಳಾಗುವವು. ಕೆಲವು ವಾರಗಳಲ್ಲಿ ಕಾಡುಮಾವಿನ ಬೇರು ಹೀರಿದ ನೀರು ಆಪೂಸಿನ ಚಿಗುರಿಗೆ ಏರುತ್ತದೆ.

ಗಾಜಿನ ಬಾಟಲಿಗಳಲ್ಲಿ ಬಾಳೆಯ ಸಸಿಗಳು ಬೆಳೆಯುವದನ್ನೂ ಅವನು ತೋರಿಸಿದನು. ಬಾಳೆಗಂದಿನ ನಡುವಿನ ಸೂಕ್ಷ್ಮವಾದ ತುದಿಯನ್ನು ತೆಗೆದು, ಸಕ್ಕರೆ ಲವಣಗಳನ್ನು ಬೆರೆಸಿದ ಲೋಳೆಯ ಮೇಲಿಟ್ಟರೆ ಒಂದರಿಂದ ನೂರಾರು ಚಿಗುರುಗಳು ಹುಟ್ಟುತ್ತವೆ. ಇದರ ಹಿಂದಿರುವ ಇತಿಹಾಸವು ಸ್ವಾರಸ್ಯವಾಗಿದೆ. ಸಸ್ಯದ ಒಂದೇ ಕೋಶದಿಂದ ಇಡೀ ಸಸ್ಯವನ್ನು ಬೆಳೆಸಬಹುದೆಂದು ಹಾಬರ್‌ಲಾಂಟ್ ಎಂಬ ಪಂಡಿತರು 1902ರಲ್ಲಿಯೇ ತರ್ಕಿಸಿದ್ದರು. ಬೆಳೆಸಿ ತೋರಿಸಲು ಅವರಿಗೆ ಸಾಧ್ಯವಾಗಲಿಲ್ಲ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬಿಬ್ಬರು, ನಮ್ಮ ನಿಪ್ಪಾಣಿಯ ಕಡೆಯವರಿಗೆ ಪರಿಚಿತವಾದ ತಂಬಾಕಿನ ಕಾಂಡದ ತಿರುಳಿನ ಮೇಲೆ ಪ್ರಯೋಗ ಮಾಡಿ, ಆಕ್ಸಿನ್ ಹೆಚ್ಚಾಗಿ ಸೈಟೋಕೈನಿನ್ ಎಂಬ ಇನ್ನೊಂದು ರಸವು ಕಡಿಮೆಯಾದರೆ ಬೇರು ಬರುವದೆಂದೂ, ಪ್ರಮಾಣವನ್ನು ತಿರುವುಮುರುವು ಮಾಡಿದರೆ ಚಿಗುರು ಬರುವದೆಂದೂ, ಎರಡೂ ಸಮತೂಕವಾಗಿದ್ದರೆ ಬರಿಯ ಗಂಟು ಬೆಳೆಯುವದೆಂದೂ ಕಂಡುಕೊಂಡರು. ಮರುವರ್ಷವೇ ಅಮೆರಿಕೆಯಲ್ಲಿ ಸ್ಟ್ಯೂವರ್ಡರು ಗಜ್ಜರಿಯ ಗಡ್ಡೆಯ ಕೋಶಗಳಿಂದ ಸಸ್ಯವನ್ನು ಬೆಳೆಸುವದರಲ್ಲಿ ಯಶಸ್ವಿಗಳಾದರು. 1964ರಲ್ಲಿ ನಮ್ಮ ದಿಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಿಪ್ರಾ ಗುಹಾ ಮತ್ತು ಮಹೇಶ್ವರಿ ಎಂಬವರು ದತ್ತೂರಿಯ ಹೂವಿನ ಪರಾಗದಿಂದಲೇ ಸಸಿಯನ್ನೆಬ್ಬಿಸಿ ಲೋಕವನ್ನು ಬೆರಗುಗೊಳಿಸಿದರು. ಪರಾಗವು ಗಂಡಿನ ಬೀಜವಾಗಲೆಂದೇ ಹುಟ್ಟಿದ್ದು; ಅದರೊಳಗೂ ಎಲೆ, ಬೇರು, ಕಾಂಡಗಳ ವಿದ್ಯೆಯೆಲ್ಲ ಅಡಗಿತ್ತು.

“ಹಾಗಾದರೆ ಮನುಷ್ಯರಲ್ಲಿಯೂ ಇದೇ ಅಲ್ಲವೇನಪ್ಪಾ?” ಎಂದೆವು. ಶಿಷ್ಯನು ತಲೆಯಾಡಿಸಿ, “ಅಲ್ಲೇ ಫರಕದ ಸರ. ಅದನ್ನ ಡಾಕ್ಟರರನ್ನ ಕೇಳ್ರಿ,” ಎಂದನು. ಹೊರಡುವಾಗ ಕಸಿ ಕಟ್ಟಿದ ಸಸಿಯೊಂದನ್ನು ನಮ್ಮ ಕೈಗಿಟ್ಟನು.

ಹುಬ್ಬಳ್ಳಿಯಲ್ಲಿ ನಮ್ಮ ಬಂಧುಗಳಾದ ಮಕ್ಕಳ ವೈದ್ಯರೊಬ್ಬರಿದ್ದಾರೆ. ಅವರು ಪುಸ್ತಕಗಳನ್ನು ಕೊಟ್ಟು ಎರಡು ಸಾಯಂಕಾಲ ನಮಗಾಗಿ ಮೀಸಲಿಟ್ಟರು. ಅವರಿಂದ ತಿಳಿದುದನ್ನು ಸಂಕ್ಷೇಪವಾಗಿ ಹೇಳುವೆವು.

ತಂದೆಯ ಮತ್ತು ತಾಯಿಯ ಅಂಶಗಳು ಕೂಡಿ ಆದ ಒಂದು ಕೋಶವು ಎರಡಾಗುವದು, ಎರಡು ನಾಲ್ಕಾಗುವವು. ಈ ಮೊದಲ ದಿನಗಳಲ್ಲಿ ಕೋಶ ಕೋಶಗಳಲ್ಲಿ ಭೇದವಿರುವದಿಲ್ಲ. 1891ರಲ್ಲಿ ಡ್ರೀಶ್ ಎಂಬ ಜರ್ಮನ್ ಪಂಡಿತರು ಕಡಲಮುಳ್ಳಿನ ಪ್ರಾಣಿಯ ಎರಡು ಕೋಶದ ಭ್ರೂಣವನ್ನು ಅಲುಗಾಡಿಸಿ ಬೇರ್ಪಡಿಸಿದರು. ಅರ್ಧರ್ಧ ಪ್ರಾಣಿ ಹುಟ್ಟಲಿಲ್ಲ, ಎರಡು ಪೂರ್ಣ ಮರಿಗಳು ಹುಟ್ಟಿದವು. ಗುರುತು ಹತ್ತದಷ್ಟು ಹೋಲುವ ಅವಳಿ ಮಕ್ಕಳೂ ಇದಕ್ಕೆ ಸಾಕ್ಷಿ. ಆರಂಭದಲ್ಲಿ ಒಂದೇ ಆಗಿದ್ದ ಭ್ರೂಣವು ಇಬ್ಭಾಗವಾದುದರ ಫಲ ಅವರು. ಮೂರನೆಯ ವಾರದಲ್ಲಿ ಭ್ರೂಣವು ಮೂರು ಪದರುಗಳಾಗುತ್ತದೆ. ಹೊರಪದರಿನಿಂದ ಚರ್ಮವೂ ಮಿದುಳೂ ನರಗಳೂ, ನಡುಪದರಿನಿಂದ ಎಲುಬು, ಸ್ನಾಯು, ಹೃದಯ, ರಕ್ತಗಳೂ, ಒಳಪದರಿನಿಂದ ಕರುಳು, ಯಕೃತ್ತು, ಶ್ವಾಸಕೋಶಗಳ ಒಳಮೈಯೂ ಆಗುತ್ತವೆ. ಚರ್ಮವೂ ಮಿದುಳೂ ಒಡಹುಟ್ಟಿದವೆಂಬುದನ್ನು ಕೇಳಿ ನಮಗೆ ಆಶ್ಚರ್ಯವಾಯಿತು. ಎಲ್ಲಕ್ಕೂ ಮೊದಲು ಕೆಲಸಕ್ಕೆ ಹತ್ತುವದು ಹೃದಯ. ಮೂರು ವಾರ ತುಂಬಿದ ಮೇಲೆ ಬೇಗನೆ ಮಿಡಿಯತೊಡಗುತ್ತದೆ. ಕೃತವೀರ್ಯನ ಪಕ್ಷಕ್ಕೂ ಸ್ವಲ್ಪ ಬಲ ಬಂದಂತಾಯಿತು.

ಯಾವ ಕೋಶವು ಏನಾಗಬೇಕೆಂಬುದು ಅದಿರುವ ಸ್ಥಾನದಿಂದಲೂ ನೆರೆಹೊರೆಯಿಂದಲೂ ನಿರ್ಣಯವಾಗುತ್ತದೆ. 1924ರಲ್ಲಿ ಸ್ಪೇಮನ್ ಎಂಬ ಗುರುಗಳೂ ಅವರ ಶಿಷ್ಯೆ ಹಿಲ್ಡೆ ಮಾಂಗೋಲ್ಡರೂ ನೀರುಹಲ್ಲಿಯ ಭ್ರೂಣದ ಒಂದು ಚೂರನ್ನು ತೆಗೆದು ಇನ್ನೊಂದು ಭ್ರೂಣದ ಹೊಟ್ಟೆಯ ಕಡೆ ಇಟ್ಟ ಪ್ರಯೋಗವನ್ನು ಪ್ರಕಟಿಸಿದರು. ಹೊಟ್ಟೆಯ ಚರ್ಮವಾಗಬೇಕಿದ್ದ ಅಲ್ಲಿನ ಕೋಶಗಳು, ಹೊಸ ನೆರೆಯವರ ಮಾತು ಕೇಳಿ ಎರಡನೆಯ ಬೆನ್ನುಹುರಿಯನ್ನೇ ಕಟ್ಟಿದ್ದವು. ಆ ತರುಣಿಯು ಅದೇ ವರ್ಷ ಮನೆಯಲ್ಲಿ ಬೆಂಕಿಯ ಅನಾಹುತದಿಂದ ತೀರಿಕೊಂಡಳು. ಸ್ಪೇಮನ್ನರಿಗೆ 1935ರಲ್ಲಿ ನೊಬೆಲ್ ಬಹುಮಾನ ಬಂತು.

ಹಾಗಾದರೆ ಚರ್ಮವಾದ ಕೋಶವು ಮಿದುಳಿನ ವಿದ್ಯೆಯನ್ನು ಕಳೆದುಕೊಂಡಿತೇ? ಇಲ್ಲ. ಪ್ರತಿಯೊಂದು ಕೋಶದ ಕೇಂದ್ರದಲ್ಲಿ ಸುಮಾರು 20,000 ಜೀನುಗಳ ಒಂದೇ ಗ್ರಂಥವಿದೆ. ಇಡೀ ಅಮರಕೋಶವನ್ನು ಪ್ರತಿಯೊಬ್ಬ ವಿದ್ಯಾರ್ಥಿಗೂ ಕೊಟ್ಟು, ಒಬ್ಬನಿಗೆ ವನೌಷಧಿವರ್ಗವನ್ನೂ ಇನ್ನೊಬ್ಬನಿಗೆ ಸಿಂಹಾದಿವರ್ಗವನ್ನೂ ತೆರೆದಿಟ್ಟು ಉಳಿದ ಪುಟಗಳಿಗೆ ಮುದ್ರೆಯೊತ್ತಿದಂತೆ ಇದು. ಪುಟಗಳನ್ನು ಯಾರೂ ಹರಿದಿಲ್ಲ, ಮುಚ್ಚಿದ್ದಾರೆ, ಅಷ್ಟೇ. ಹೀಗೆ ನೋಡಿದರೆ ಧನ್ವಂತರಿಯ ಮಾತು ಅರ್ಧ ಸರಿ. ಗರ್ಭದಲ್ಲಿ ಮೊದಲಿನಿಂದಲೇ ಎಲ್ಲವೂ ಉಂಟು. ಆದರೆ ಉಂಟಾದದ್ದು ಸೂಕ್ಷ್ಮವಾದ ಕೈಕಾಲುಗಳಲ್ಲ, ಕೈಕಾಲುಗಳನ್ನು ಮಾಡುವ ಸೂತ್ರಗಳು. ಅಂಗಗಳು ಒಂದೊಂದಾಗಿ ಹೊಸದಾಗಿಯೇ ಮೂಡುವವೆಂಬುದನ್ನು ವೋಲ್ಫ್ ಎಂಬ ಪಂಡಿತರು 1759ರಷ್ಟು ಹಿಂದೆಯೇ ಕೋಳಿಮೊಟ್ಟೆಗಳನ್ನು ಪರೀಕ್ಷಿಸಿ ವಾದಿಸಿದ್ದರು.

ಮುದ್ರೆಗಳನ್ನು ಒಡೆಯಬಹುದೆಂದು ತೋರಿಸಿಕೊಟ್ಟವರು ಇಂಗ್ಲಂಡದ ಜಾನ್ ಗರ್ಡನ್. ಅವರು ಗೊದಮೊಟ್ಟೆಯ ಕರುಳಿನ ಕೋಶದ ಕೇಂದ್ರವನ್ನು ತೆಗೆದು, ಕೇಂದ್ರವನ್ನು ನಾಶಮಾಡಿದ ಕಪ್ಪೆಯ ಅಂಡದಲ್ಲಿಟ್ಟರು. ಕೆಲವು ಅಂಡಗಳು ಗೊದಮೊಟ್ಟೆಗಳಾಗಿ ಬೆಳೆದವು. ಇದು 1962ರ ಮಾತು. ಇವರು ಬಾಲಕರಾಗಿದ್ದಾಗ, 1949ರಲ್ಲಿ, ಜೀವಶಾಸ್ತ್ರದ ಮಾಸ್ತರರು ಈ ಹುಡುಗ ವಿಜ್ಞಾನಿಯಾಗುವೆನೆನ್ನುವದು ಹಾಸ್ಯಾಸ್ಪದವೆಂದು ವರದಿ ಬರೆದಿದ್ದರಂತೆ. ಅದನ್ನು ಗರ್ಡನ್ನರು ಕಟ್ಟುಹಾಕಿಸಿ ಇಟ್ಟುಕೊಂಡಿದ್ದರು. ಇದನ್ನೋದಿದಾಗ ನಮಗೆ ತೃತೀಯಾ ವಿಭಕ್ತಿಯ ಶಿಷ್ಯನು ಕಣ್ಣ ಮುಂದೆ ಬಂದನು. ಅವನ ಬಗ್ಗೆ ನಾವೂ ಅಂಥದೇ ವರದಿಯನ್ನು ಬಾಯಿಂದ ಹೇಳಿದ್ದೆವು. 1996ರಲ್ಲಿ ಸ್ಕಾಟ್ಲಂಡದಲ್ಲಿ ಕೆಚ್ಚಲಿನ ಕೋಶದಿಂದ ಡಾಲಿಯೆಂಬ ಕುರಿ ಹುಟ್ಟಿತು. 2006ರಲ್ಲಿ ಜಪಾನದ ಯಾಮಾನಾಕಾ ಅವರು ಕೇವಲ ನಾಲ್ಕು ಜೀನುಗಳನ್ನು ಸೇರಿಸಿ ಇಲಿಯ ಚರ್ಮದ ಕೋಶವನ್ನು ಭ್ರೂಣದ ಕೋಶದಂಥ ಎಳೆತನಕ್ಕೆ ಮರಳಿಸಿದರು. ಮರುವರ್ಷ ಮನುಷ್ಯರ ಕೋಶದಲ್ಲಿಯೂ ಅದನ್ನು ಸಾಧಿಸಿದರು. ಗರ್ಡನ್ನರಿಗೂ ಅವರಿಗೂ ಕೂಡಿ 2012ರ ನೊಬೆಲ್ ಬಹುಮಾನ ದೊರೆಯಿತು.

ಇಷ್ಟಾದರೂ ಪ್ರಾಣಿಯ ಮೈಯಲ್ಲಿ ತಾನಾಗಿಯೇ ಹೀಗೆ ನಡೆಯುವದು ಅಪೂರ್ವ. ಗಿಡವು ನಿಂತಲ್ಲಿಯೇ ನಿಂತು ಆಡಿನ ಬಾಯಿಗೆ ಕೊಂಬೆಯನ್ನೊಪ್ಪಿಸಿ ಮತ್ತೆ ಚಿಗುರಬೇಕು. ಅದಕ್ಕೆ ಈ ಸೌಕರ್ಯ ಬೇಕು. ಪ್ರಾಣಿಯಲ್ಲಿ ವೃತ್ತಿ ಹಿಡಿದ ಕೋಶಗಳು ಸ್ವಧರ್ಮವನ್ನು ಬಿಡದಿರುವದೇ ಕ್ಷೇಮ. ಹಳಬರ ಸ್ಥಾನವನ್ನು ತುಂಬಲು ಅಲ್ಲಲ್ಲಿ ಆಕರಕೋಶಗಳೆಂಬ ಎಳೆಯ ಕೋಶಗಳನ್ನು ಪ್ರಕೃತಿಯು ಕಾದಿರಿಸಿದೆ. ಆ ತರುಣನು ಸ್ಟೆಮ್ ಸೆಲ್ ಎಂದದ್ದು ಇವುಗಳನ್ನೇ. ಆದರೆ ಇವು “ಏನು ಬೇಕಾದರೂ” ಆಗುವವಲ್ಲ. ಎಲುಬಿನ ಮಜ್ಜೆಯ ಆಕರಕೋಶವು ರಕ್ತದ ನಾನಾ ಕೋಶಗಳಾಗಬಲ್ಲದು, ಮಿದುಳಾಗಲಾರದು. ಅದರ ಕೆಲಸವೇನು ಸಣ್ಣದೇ? ಕೆಂಪು ಕಣವು ಸುಮಾರು 120 ದಿನ ಬದುಕುತ್ತದೆ. ಆದುದರಿಂದ ಮಜ್ಜೆಯು ದಿನಕ್ಕೆ ಸುಮಾರು 20,000 ಕೋಟಿ ಹೊಸ ಕಣಗಳನ್ನು ಸಿದ್ಧಪಡಿಸಬೇಕು. ಪ್ರಾಣವಾಯುವನ್ನು ಹೊರಲು ಜಾಗ ಮಾಡಿಕೊಳ್ಳುವದಕ್ಕಾಗಿ ಪ್ರತಿಯೊಂದು ಕೆಂಪು ಕಣವೂ ತನ್ನ ಗ್ರಂಥವನ್ನು ಕೇಂದ್ರಸಹಿತವಾಗಿ ಹೊರಗೆಸೆದು ಬರುತ್ತದೆ. ಹೊಕ್ಕಳಬಳ್ಳಿಯ ರಕ್ತದಲ್ಲಿರುವವೂ ಮುಖ್ಯವಾಗಿ ಈ ರಕ್ತದ ಆಕರಕೋಶಗಳೇ.

ಇಲ್ಲಿಗೆ ಬಂದಾಗ ನಾವು ವೈದ್ಯರಿಗೆ ತಂಗಿಯ ವಿಷಯವನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾವಕಾಶವಾಗಿ ತಿಳಿಸಿದರು. ಅವಳಿಗೆ ಬಂದಂಥ ರೋಗದಲ್ಲಿ ನಡೆಯುವದಿಷ್ಟು: ಮಜ್ಜೆಯಲ್ಲಿ ಹುಟ್ಟಿದ ಬಿಳಿಯ ಕೋಶವು ಪಕ್ವವಾಗದೆ ಎಳೆತನದಲ್ಲಿಯೇ ನಿಂತುಬಿಡುತ್ತದೆ, ವೃತ್ತಿಯನ್ನು ಹಿಡಿಯುವದಿಲ್ಲ, ಆದರೆ ಒಡೆದು ಹೆಚ್ಚುವದನ್ನೂ ನಿಲ್ಲಿಸುವದಿಲ್ಲ. ಕೆಲಸಕ್ಕೆ ಬಾರದ ಆ ಗುಂಪು ಮಜ್ಜೆಯನ್ನೆಲ್ಲ ತುಂಬಿದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳಿಗೆ ಸ್ಥಳವಿಲ್ಲದಂತಾಗುತ್ತದೆ. ವಸಡಿನ ರಕ್ತವೂ ನೀಲಿ ಕಲೆಗಳೂ ಅದರ ಚಿಹ್ನೆಗಳು. ಐವತ್ತು ವರ್ಷ ನಾವು ಯಾವ ರೋಗದ ಹೆಸರನ್ನು ಮಾತ್ರ ಬಲ್ಲವರಾಗಿದ್ದೆವೋ, ಅದು ಏನೆಂಬುದು ಆಗ ತಿಳಿಯಿತು.

“ಹುಟ್ಟಿದಾಗ ಅವಳ ಹೊಕ್ಕಳಬಳ್ಳಿಯ ರಕ್ತವನ್ನು ಇಟ್ಟಿದ್ದರೆ ಉಪಯೋಗವಾಗುತ್ತಿತ್ತೇ?” ಎಂದು ಕೇಳಿದೆವು.

ಆಗುವದು ದುರ್ಲಭವೆಂದು ಅವರು ಹೇಳಿದರು. ಮಗುವಿಗೆ ಇಂಥ ರೋಗ ಬಂದರೆ, ಅದರ ಬೀಜವು ಹುಟ್ಟುವ ಮೊದಲೇ ಆ ರಕ್ತದಲ್ಲಿ ಇದ್ದಿರಬಹುದು. ಥಲಸ್ಸೇಮಿಯಾದಂಥ ವಂಶಾಗತ ರೋಗವಾದರಂತೂ ಅದೇ ದೋಷವು ಸಂಗ್ರಹಿಸಿದ ರಕ್ತದಲ್ಲಿಯೂ ಇದ್ದೇ ಇರುತ್ತದೆ. ಅಲ್ಲದೆ ಬೇರೊಬ್ಬರ ಆರೋಗ್ಯವಂತ ಕೋಶಗಳು ಉಳಿದ ಕ್ಯಾನ್ಸರ್ ಕೋಶಗಳನ್ನು ಪರಕೀಯವೆಂದು ಗುರುತಿಸಿ ಕೊಲ್ಲುತ್ತವೆ. ತನ್ನವೇ ಆದರೆ ಆ ಕೆಲಸ ಮಾಡವು. ಆದುದರಿಂದ ವೈದ್ಯರು ಹುಡುಕುವದು ಹೆಚ್ಚಾಗಿ ಒಡಹುಟ್ಟಿದವರ ಮಜ್ಜೆಯನ್ನು. 1988ರಲ್ಲಿ ಪ್ಯಾರಿಸಿನಲ್ಲಿ ಹೊಕ್ಕಳಬಳ್ಳಿಯ ರಕ್ತದಿಂದ ಮೊತ್ತಮೊದಲು ಗುಣವಾದ ಹುಡುಗನಿಗೂ ಕೊಟ್ಟಿದ್ದು ಅವನದನ್ನಲ್ಲ, ಆಗ ತಾನೆ ಹುಟ್ಟಿದ ತಂಗಿಯದನ್ನು.

“ಒಡಹುಟ್ಟಿದವರಲ್ಲಿ ಹೊಂದಿಕೆಯಾಗುವ ಸಂಭವ ಎಷ್ಟು?”

“ನಾಲ್ವರಲ್ಲಿ ಒಬ್ಬರಿಗೆ.”

ಅವಳಿಗಿದ್ದ ಒಡಹುಟ್ಟಿದವರು ನಾವೊಬ್ಬರೇ. ವೈದ್ಯರು ನಮ್ಮ ಮನಸ್ಸನ್ನರಿತು, ನಮ್ಮ ದೇಶದಲ್ಲಿ ಮಜ್ಜೆಯನ್ನು ಕಸಿ ಮಾಡುವ ಚಿಕಿತ್ಸೆ ಮೊದಲು ನಡೆದುದು 1983ರಲ್ಲಿ, ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಎಂದು ಹೇಳಿದರು. ಅವಳು ಹೋಗಿ ಆಗ ಏಳು ವರ್ಷವಾಗಿತ್ತು. ನಮ್ಮ ತಂದೆಯವರು ಮಾಡದೆ ಉಳಿದ ಉಪಾಯವೇನೂ ಇರಲಿಲ್ಲ. ಇದನ್ನು ಅವರಿಗೆ ತಿಳಿಸಲು ಅವರೂ ಈಗ ಇಲ್ಲ. ಈಗ ಆ ರೋಗವು ಬಂದ ಮಕ್ಕಳಲ್ಲಿ ಬಹುಮಂದಿ ಔಷಧಗಳಿಂದಲೇ ಗುಣ ಹೊಂದುತ್ತಾರೆಂಬುದನ್ನು ಕೇಳಿ ಸಮಾಧಾನವಾಯಿತು. ರಕ್ತದ ಕ್ಯಾನ್ಸರಿನ ಒಂದು ಜಾತಿಯಲ್ಲಂತೂ ಎ ಜೀವಸತ್ವದ ಸಂಬಂಧಿಯಾದ ಔಷಧವು ನಿಂತುಬಿಟ್ಟ ಕೋಶಗಳನ್ನು ಕೊಲ್ಲದೆ, ಪಕ್ವವಾಗುವಂತೆ ಮಾಡುತ್ತದೆ. ಇದನ್ನು 1988ರಲ್ಲಿ ಶಾಂಘಾಯಿಯ ವೈದ್ಯರು ಪ್ರಕಟಪಡಿಸಿದರು.

ಕೊನೆಗೆ ಅವರು ಎರಡು ಮಾತು ಹೇಳಿದರು. ಮೊದಲನೆಯದು, ತನ್ನ ಮುಂದಿನ ಉಪಯೋಗಕ್ಕಾಗಿಯೇ ಹೊಕ್ಕಳಬಳ್ಳಿಯ ರಕ್ತವನ್ನು ಕಾಯ್ದಿಡುವದಕ್ಕೆ ಶಾಸ್ತ್ರೀಯ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮನೆಯಲ್ಲಿ ಇಂಥ ಚಿಕಿತ್ಸೆಯಿಂದ ಗುಣವಾಗಬಲ್ಲ ರೋಗವುಳ್ಳ ಹಿರಿಯ ಮಗುವಿದ್ದರೆ ಮಾತ್ರ ವಿಚಾರವು ಬೇರೆ. ಎರಡನೆಯದು, ಹುಟ್ಟಿದ ಕೂಡಲೆ ಬಳ್ಳಿಯನ್ನು ಬಿಗಿಯದೆ ಕನಿಷ್ಠ ಒಂದು ನಿಮಿಷ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ. ಆ ಹೊತ್ತಿನಲ್ಲಿ ಬಳ್ಳಿಯ ರಕ್ತವು ಮಗುವಿನ ಮೈಗೇ ಇಳಿಯುವದು. ಅದರೊಡನೆ ಬರುವ ಕಬ್ಬಿಣದ ಅಂಶವು ಮುಂದಿನ ಕೆಲವು ತಿಂಗಳು ರಕ್ತಹೀನತೆಯಿಂದ ಕಾಪಾಡುವದು. “ನೀವು ಹಣ ಕೊಟ್ಟು ಯಾವ ರಕ್ತವನ್ನು ಇಡಬೇಕೆಂದಿದ್ದಿರೋ, ಅದನ್ನು ಕೂಸಿಗೇ ಕೊಟ್ಟುಬಿಡಿ,” ಎಂದರು.

ಎರಡು ವಾರ ಕಳೆದು ಬಂದ ತರುಣನಿಗೆ ಚಹಾ ಕೊಟ್ಟು, ಬೇಡವೆಂದೆವು. ಅವನ ಮೇಲೆ ನಮಗೆ ಸಿಟ್ಟಿಲ್ಲ. ಅವನು ಕಲಿತ ಪಾಠವನ್ನು ಒಪ್ಪಿಸಿದ್ದನು. ಇಂಥವರು ವಾಚಕರ ಮನೆಗೂ ಬಂದಾರು. ಆಗ ಈ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಬಿನ್ನಹ: ಈ ಕೋಶವು ಏನೇನಾಗಬಲ್ಲದು? ಯಾರ ರೋಗಕ್ಕೆ ಯಾರ ಕೋಶ ಬೇಕು? ಕೂಸಿಗೆ ಸೇರಬೇಕಾದ ರಕ್ತವು ಇದರಿಂದ ಕಡಿಮೆಯಾಗುವದೇ? ಉತ್ತರವನ್ನು ಮಾರುವವನಿಂದಲ್ಲ, ಬಲ್ಲ ವೈದ್ಯರಿಂದ ಪಡೆಯತಕ್ಕದ್ದು.

ಭಾದ್ರಪದದ ಕೊನೆಗೆ ಮಗಳು ಹೆಣ್ಣುಮಗುವಿಗೆ ಜನ್ಮವಿತ್ತಳು. ಬಳ್ಳಿಯ ಮಿಡಿತವು ನಿಲ್ಲುವವರೆಗೆ ತಡೆದು ಆಮೇಲೆ ಕತ್ತರಿಸಿದರೆಂದು ಒಳಗಿದ್ದ ನಮ್ಮ ಮನೆಯವರು ಹೊರಗೆ ಬಂದು ತಿಳಿಸಿದರು. ಶಿಷ್ಯನು ಕೊಟ್ಟ ಸಸಿಯನ್ನು ಹಿತ್ತಿಲಲ್ಲಿ ನೆಟ್ಟಿದ್ದೇವೆ. ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚಿ ನೋಡಿದಾಗ ಗಾಯದ ಜಾಗದಲ್ಲಿ ಒಂದು ಸಣ್ಣ ಗಂಟು ಉಳಿದಿತ್ತು. ಅದರ ಮೇಲೆ ನಾಲ್ಕು ಕೆಂಪೆಲೆ ಬಂದಿದ್ದವು.